ಬಿಲ್ಲಿನ ಹಿಡಿ ಕಳಚಿದ್ದೇಕೆ?

ಬಾಲ್ಯದಲ್ಲಿ ಬಿಲ್ಲುಬಾಣಗಳ ಆಟವಾಡದವರು ನಮ್ಮಲ್ಲಿ ವಿರಳ. ತೆಂಗಿನ ಗರಿಯ ಕಡ್ಡಿಯನ್ನು ಬಾಗಿಸಿ ನೂಲು ಕಟ್ಟಿದರೆ ಅದೇ ಗಾಂಡೀವ. ಅದರಿಂದ ಚಿಮ್ಮಿದ ಇನ್ನೊಂದು ಕಡ್ಡಿಯೇ ರಾಮಬಾಣ. ಆ ಬಿಲ್ಲಿಗೆ ಹಿಡಿಯೆಂಬುದು ಬೇರೆ ಇರಲಿಲ್ಲ, ಮುರಿದರೆ ದುಃಖವೂ ಇರಲಿಲ್ಲ. ಆದರೆ ಮಗು ಸ್ವಲ್ಪ ದೊಡ್ಡದಾಗಿ, ಗುರಿಯಿಟ್ಟು ಹೊಡೆಯುವ ನಿಜವಾದ ಮರದ ಬಿಲ್ಲನ್ನು ಬಯಸಿದಾಗ ಸಂಗತಿ ಬದಲಾಗುತ್ತದೆ. ಆಗ ಬಿಲ್ಲು ಕೇವಲ ಆಟಿಕೆಯಲ್ಲ, ಶಕ್ತಿಯನ್ನು ಕೂಡಿಟ್ಟು ಒಮ್ಮೆಲೇ ಬಿಡುಗಡೆ ಮಾಡುವ ಒಂದು ಯಂತ್ರ. ಅದನ್ನು ತಿಳಿಯದೆ ಮಾಡಿದರೆ ಏನಾಗುವುದೆಂಬುದನ್ನು ನಾವು ಸ್ವಂತ ಅನುಭವದಿಂದಲೇ ಕಲಿಯಬೇಕಾಯಿತು.

ಕಳೆದ ದಸರೆಯ ರಜೆಯಲ್ಲಿ ನಮ್ಮ ಸೋದರಳಿಯ ತನ್ನ ಪುಟ್ಟ ತಂಗಿಯೊಡನೆ ನಮ್ಮ ಮನೆಗೆ ಬಂದಿದ್ದ. ಅವನಿಗೆ ಹತ್ತು ವರ್ಷ. ರಾತ್ರಿಯೆಲ್ಲ ಬಯಲಾಟ ನೋಡಿ ಬಂದವನು ಬೆಳಗಾಗುತ್ತಲೇ, "ಮಾವ, ನನಗೂ ಒಂದು ಬಿಲ್ಲು ಮಾಡಿಕೊಡು. ಕಡ್ಡಿಯದಲ್ಲ, ನಿಜವಾದದ್ದು" ಎಂದು ಹಟ ಹಿಡಿದ. ತರಗತಿಯಲ್ಲಿ ವರ್ಷವರ್ಷವೂ ಸ್ಥಿತಿಸ್ಥಾಪಕತ್ವದ ಪಾಠ ಹೇಳುವ ನಮಗೆ ಇದೇನು ಮಹಾ ಕೆಲಸವೆಂದು ತೋರಿತು. ತಡಸಲು ಮರದ ಒಂದು ಪಟ್ಟಿಯನ್ನು ತಂದು, ಉದ್ದ 130 ಸೆಂಟಿಮೀಟರು, ಅಗಲ 3 ಸೆಂಟಿಮೀಟರು, ದಪ್ಪ 9 ಮಿಲಿಮೀಟರು ಇರುವಂತೆ ಕೀಸಿ, ತುದಿಗಳನ್ನು ತೆಳುಗೊಳಿಸಿ ಹೆದೆ ಕಟ್ಟಿದೆವು. ಹಿಡಿಯುವುದಕ್ಕೆ ಅನುಕೂಲವಾಗಲೆಂದು ನಡುವೆ ಒಳಮೈಗೆ, ಎಂದರೆ ಬಿಲ್ಲುಗಾರನ ಕಡೆಯ ಮೈಗೆ, 10 ಸೆಂಟಿಮೀಟರು ಉದ್ದದ ಒಂದು ತೇಗದ ತುಂಡನ್ನು ಸರೇಸಿನಿಂದ ಅಂಟಿಸಿದೆವು. ನೋಡಲು ಅಂದವಾಗಿಯೇ ಇತ್ತು.

ನಾಲ್ಕು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಐದನೆಯ ದಿನ ಹುಡುಗ ಹೆದೆಯನ್ನು ಪೂರ್ತಿ ಎಳೆದು ಬಿಟ್ಟ ಕ್ಷಣದಲ್ಲಿ 'ಟಕ್' ಎಂದು ಸದ್ದಾಯಿತು. ಹಿಡಿ ಅವನ ಮುಷ್ಟಿಯಲ್ಲಿಯೇ ಉಳಿಯಿತು. ಬಿಲ್ಲು ತಿರುಚಿಕೊಂಡು ಹಾರಿತು. ಬಾಣ ಗುರಿಯ ಕಡೆಗೆ ಹೋಗದೆ ಓರೆಯಾಗಿ ಚಿಮ್ಮಿ ನೀರಿನ ಮಣ್ಣಿನ ಕೊಡವನ್ನು ಸೀಳಿತು. ಆ ಕೊಡದಿಂದ ಒಂದು ಗೇಣು ದೂರದಲ್ಲಿ ಅವನ ತಂಗಿ ಕುಳಿತಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ದಿನ ಮಧ್ಯಾಹ್ನ ನಮಗೆ ಊಟ ರುಚಿಸಲಿಲ್ಲ.

ಸರೇಸು ಕೆಟ್ಟದ್ದಿರಬೇಕೆಂಬುದು ನಮ್ಮ ಮೊದಲ ಊಹೆ. ನೆರೆಯ ಬಡಗಿಗೆ ತುಂಡುಗಳನ್ನು ತೋರಿಸಿದೆವು. ಆತ ಅವನ್ನು ಬೆಳಕಿಗೆ ಹಿಡಿದು ನೋಡಿ, "ಅಂಟಿನ ತಪ್ಪಲ್ಲ ಸ್ವಾಮಿ. ಬಾಗೋ ಮರಕ್ಕೆ ಬಾಗದ ಮರ ಅಂಟಿಸಿದರೆ ಎಷ್ಟು ದಿನ ನಿಂತೀತು?" ಎಂದ. ತುಂಡಿನ ನಡುಭಾಗದಲ್ಲಿ ಬಿಲ್ಲಿನ ಮರದ ಎಳೆಗಳು ಕಿತ್ತು ಬಂದು ಅಂಟಿಕೊಂಡಿದ್ದವು. ಅಲ್ಲಿ ಅಂಟು ಮರಕ್ಕಿಂತ ಗಟ್ಟಿಯಾಗಿಯೇ ಇತ್ತು. ಎರಡು ತುದಿಗಳಲ್ಲಿ ಮಾತ್ರ ಅಂಟು ನುಣುಪಾಗಿ ಬಿಟ್ಟುಕೊಂಡಿತ್ತು, ಸಂದಿನಲ್ಲಿ ಅಂಗಳದ ಧೂಳೂ ಸೇರಿತ್ತು. ಎಂದರೆ ಬಿರುಕು ಅದೇ ದಿನ ಹುಟ್ಟಿದ್ದಲ್ಲ. ಅದು ಮೊದಲೇ ತುದಿಗಳಲ್ಲಿ ಆರಂಭವಾಗಿ, ಪ್ರತಿ ಎಳೆತಕ್ಕೂ ಸ್ವಲ್ಪ ಸ್ವಲ್ಪವೇ ಒಳಸರಿದು, ಕೊನೆಗೆ ಉಳಿದ ಭಾಗ ಭಾರ ತಾಳದೆ ಒಮ್ಮೆಲೇ ಕಿತ್ತುಬಂದಿತ್ತು. ಅದು ತುದಿಯಲ್ಲಿಯೇ ಏಕೆ ಆರಂಭವಾಯಿತು? ಇದಕ್ಕೆ ಉತ್ತರ ಬೇಕಾದರೆ ಬಾಗಿದ ಮರದ ಒಳಗೆ ಏನು ನಡೆಯುತ್ತದೆಂಬುದನ್ನು ನೋಡಬೇಕು.

ಬಾಗಿದ ಮರದೊಳಗೆ

ವಾಚಕರು ಒಂದು ದಪ್ಪ ನೋಟುಪುಸ್ತಕವನ್ನು ತೆಗೆದುಕೊಂಡು, ಹಾಳೆಗಳ ಅಂಚಿನ ಮೇಲೆ ಪೆನ್ಸಿಲಿನಿಂದ ಒಂದು ನೇರ ಗೆರೆಯನ್ನು ಅಡ್ಡಲಾಗಿ ಎಳೆಯಲಿ. ಬಳಿಕ ಪುಸ್ತಕವನ್ನು ಬಾಗಿಸಲಿ. ಗೆರೆ ನೇರವಾಗಿ ಉಳಿಯದೆ ಓರೆಯಾಗುತ್ತದೆ, ಏಕೆಂದರೆ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಮರದ ಪಟ್ಟಿಯನ್ನು ಬಾಗಿಸಿದಾಗಲೂ ಅದರ ಪದರಗಳು ಹೀಗೆಯೇ ಜಾರಲು ಹವಣಿಸುತ್ತವೆ. ಆದರೆ ಪದರಗಳು ಪರಸ್ಪರ ಬೆಸೆದುಕೊಂಡಿರುವುದರಿಂದ ಜಾರಲಾರವು. ಆದುದರಿಂದ ಹೊರಬದಿಯ ಪದರಗಳು ಎಳೆತಕ್ಕೆ ಸಿಕ್ಕಿ ಹಿಗ್ಗುತ್ತವೆ, ಒಳಬದಿಯ ಪದರಗಳು ಒತ್ತಿಗೆ ಸಿಕ್ಕಿ ಕುಗ್ಗುತ್ತವೆ. ಇವೆರಡರ ನಡುವೆ ಹಿಗ್ಗದೆಯೂ ಕುಗ್ಗದೆಯೂ ಇರುವ ಪದರವೊಂದುಂಟು. ಅದನ್ನು ತಟಸ್ಥ ಪದರವೆನ್ನುತ್ತೇವೆ.

ಮೇಲ್ಮೈ ಎಷ್ಟು ಕುಗ್ಗುವುದೆಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಪಟ್ಟಿಯ ದಪ್ಪದ ಅರ್ಧವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಸಾಕು. ನಮ್ಮ ಬಿಲ್ಲಿನ ದಪ್ಪ 9 ಮಿಲಿಮೀಟರು, ಅದರ ಅರ್ಧ 4.5. ಪೂರ್ತಿ ಎಳೆದಾಗ ಬಾಗಿನ ತ್ರಿಜ್ಯ ಸುಮಾರು 75 ಸೆಂಟಿಮೀಟರು, ಎಂದರೆ 750 ಮಿಲಿಮೀಟರು. 4.5ನ್ನು 750ರಿಂದ ಭಾಗಿಸಿದರೆ ಸಾವಿರಕ್ಕೆ 6 ಪಾಲು ಬರುತ್ತದೆ. ಇಷ್ಟನ್ನು ಒಳ್ಳೆಯ ಮರ ಸಹಿಸಬಲ್ಲದು. ಇದು ಸಾವಿರಕ್ಕೆ 10ರ ಸಮೀಪಕ್ಕೆ ಬಂದಿತೆಂದರೆ ಅನೇಕ ಮರಗಳು ಬಾಗಿದಂತೆಯೇ ಉಳಿದುಬಿಡುತ್ತವೆ ಇಲ್ಲವೆ ಮುರಿಯುತ್ತವೆ.

ಈಗ ಹಿಡಿಯ ಕಡೆಗೆ ಬರೋಣ. 10 ಸೆಂಟಿಮೀಟರಿನಲ್ಲಿ ಸಾವಿರಕ್ಕೆ 6 ಪಾಲೆಂದರೆ 0.6 ಮಿಲಿಮೀಟರು. ಹಿಡಿಯ ಕೆಳಗಿನ ಬಿಲ್ಲಿನ ಮೈ ತಾನಾಗಿ ಬಾಗಿದ್ದರೆ ಇಷ್ಟು ಕುಗ್ಗುತ್ತಿತ್ತು; ಪ್ರತಿ ತುದಿಯಲ್ಲಿ 0.3 ಮಿಲಿಮೀಟರು ಒಳಸರಿಯುತ್ತಿತ್ತು. ಆದರೆ ಅದರ ಮೇಲೆ ಕುಳಿತ ದಪ್ಪ ತುಂಡು ಬಾಗಲು ಒಪ್ಪದು, ಕುಗ್ಗಲೂ ಒಪ್ಪದು. ಬಿಲ್ಲು 'ಬಾ' ಎನ್ನುತ್ತದೆ, ಹಿಡಿ 'ಬರಲಾರೆ' ಎನ್ನುತ್ತದೆ. ಈ ಜಗಳದ ಭಾರವೆಲ್ಲ ಕೂದಲೆಳೆಯಷ್ಟು ತೆಳುವಾದ ಅಂಟಿನ ಪದರದ ಮೇಲೆ ಬೀಳುತ್ತದೆ. ಅದೂ ಪದರದ ಉದ್ದಕ್ಕೆ ಸಮನಾಗಿ ಹಂಚಿಹೋಗುವುದಿಲ್ಲ. ತೆಳ್ಳಗಿನ ಬಾಗುವ ಪಟ್ಟಿ ಥಟ್ಟನೆ ದಪ್ಪಗಿನ ಬಾಗದ ಕೊರಡಾಗುವ ಎಡೆಯಲ್ಲಿ, ಎಂದರೆ ತುಂಡಿನ ಎರಡು ತುದಿಗಳಲ್ಲಿ, ಜಾರುಬಲ ಒಟ್ಟಿಲಾಗುತ್ತದೆ. ಬಾಣ ಬಿಟ್ಟೊಡನೆ ಹೆದೆ ನೆಟ್ಟಗಾಗಿ ಬಿಗಿದು ನಿಲ್ಲುವಾಗ ಇಡೀ ಬಿಲ್ಲು ಅದುರುತ್ತದೆ. ಆಗ ಆ ಬಲ ಕ್ಷಣದಲ್ಲಿ ಹಲವು ಬಾರಿ ಏರಿಳಿಯುತ್ತದೆ. ನಮ್ಮ ಹಿಡಿ ತುದಿಯಿಂದ ಬಿಟ್ಟುಕೊಂಡ ರಹಸ್ಯವಿದು. ಬಡಗಿಯ ಒಂದು ಮಾತಿನಲ್ಲಿ ಈ ಪಾಠವೆಲ್ಲ ಅಡಗಿತ್ತು.

ಇನ್ನೊಂದು ಸಂಗತಿಯುಂಟು. ಬಿಲ್ಲನ್ನು ಬಾಗಿಸುವ ಪ್ರಯತ್ನ ಎಲ್ಲೆಡೆಯೂ ಒಂದೇ ಸಮನಲ್ಲ. ಹೆದೆಯ ಎಳೆತ ತುದಿಯಲ್ಲಿ ಬೀಳುತ್ತದೆ. ತುದಿಯಿಂದ ದೂರ ಸರಿದಂತೆ ಅದರ ತಿರುಗುಬಲ ಹೆಚ್ಚುತ್ತ ಬಂದು ನಡುವಿನಲ್ಲಿ ಪರಮಾವಧಿಯನ್ನು ಮುಟ್ಟುತ್ತದೆ. ಬಿಲ್ಲು ತುದಿಗಳಲ್ಲಿ ತೆಳುವಾಗಿಯೂ ನಡುವೆ ಬಲವಾಗಿಯೂ ಇರಬೇಕಾದುದು ಇದಕ್ಕಾಗಿಯೇ. ನಾವಾದರೋ ಅತ್ಯಂತ ಹೆಚ್ಚು ಬಾಗುವ ಎಡೆಯನ್ನೇ ಆರಿಸಿ ಅಲ್ಲಿ ಬಾಗದ ತುಂಡನ್ನು ಅಂಟಿಸಿದ್ದೆವು.

ದಪ್ಪದ ಘನ

ಪರಿಹಾರಕ್ಕೆ ಮುನ್ನ ಒಂದು ನಿಯಮವನ್ನು ನೆನಪಿಡಬೇಕು. ಪಟ್ಟಿಯ ಅಗಲವನ್ನು ಇಮ್ಮಡಿಸಿದರೆ ಅದರ ಬಿಗಿತ, ಎಂದರೆ ಬಾಗುವುದಕ್ಕೆ ತೋರುವ ವಿರೋಧ, ಇಮ್ಮಡಿಯಾಗುತ್ತದೆ. ದಪ್ಪವನ್ನು ಇಮ್ಮಡಿಸಿದರೆ ಬಿಗಿತ ಎಂಟು ಮಡಿಯಾಗುತ್ತದೆ. ಅದು ದಪ್ಪದ ಘನಕ್ಕೆ ಅನುಗುಣವಾಗಿದೆ.

ಇದನ್ನು ಯಾವ ವಿದ್ಯಾರ್ಥಿಯಾದರೂ ಪರೀಕ್ಷಿಸಬಹುದು. ಒಂದೇ ಬಗೆಯ ನಾಲ್ಕು ಮರದ ಅಡಿಪಟ್ಟಿಗಳನ್ನು ತೆಗೆದುಕೊಳ್ಳಿ. ಎರಡನ್ನು ಮೈಗೆ ಮೈ ಸೇರಿಸಿ ಚೆನ್ನಾಗಿ ಅಂಟಿಸಿ ಒಣಗಲು ಬಿಡಿ; ಉಳಿದೆರಡು ಬಿಡಿಯಾಗಿರಲಿ. ಮೇಜಿನ ಅಂಚಿನಿಂದ ಹೊರಚಾಚುವಂತೆ ಒಂದು ಪಟ್ಟಿಯನ್ನು ಬಿಗಿದು, ತುದಿಗೆ ಚಿಕ್ಕ ತೂಕವನ್ನು ತೂಗುಹಾಕಿ ಅದು ಎಷ್ಟು ತಗ್ಗುವುದೆಂದು ಅಳೆಯಿರಿ. ಬಳಿಕ ಎರಡು ಬಿಡಿ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಅಷ್ಟೇ ಉದ್ದವನ್ನು ಹೊರಚಾಚಿ ಅದೇ ತೂಕವನ್ನು ಹಾಕಿ. ತಗ್ಗು ಅರ್ಧವಾಗುತ್ತದೆ. ಕೊನೆಗೆ ಅಂಟಿಸಿದ ಜೋಡಿಯನ್ನು ಪರೀಕ್ಷಿಸಿದರೆ ತಗ್ಗು ಸುಮಾರು ಎಂಟನೆಯ ಒಂದು ಪಾಲಿಗೆ ಇಳಿದಿರುತ್ತದೆ. ಮರ ಅಷ್ಟೇ, ತೂಕ ಅಷ್ಟೇ. ಈ ನಾಲ್ಕು ಪಟ್ಟು ವ್ಯತ್ಯಾಸವನ್ನು ಉಂಟುಮಾಡಿದ್ದು ಜಾರುವಿಕೆಯನ್ನು ತಡೆದ ಅಂಟು. ಆ ಅಂಟು ಎಷ್ಟು ಭಾರ ಹೊತ್ತಿದೆಯೆಂಬುದೂ ಇದರಿಂದ ತಿಳಿಯುತ್ತದೆ.

ಈ ನಿಯಮ ಬಿಲ್ಲು ಮಾಡುವವನಿಗೆ ಮಿತ್ರನೂ ಹೌದು, ಶತ್ರುವೂ ಹೌದು. ದಪ್ಪವನ್ನು ಹತ್ತನೆಯ ಒಂದು ಪಾಲು ಮಾತ್ರ ಕೀಸಿದರೂ ಬಿಗಿತ ಶೇಕಡ 27ರಷ್ಟು ಇಳಿದುಹೋಗುತ್ತದೆ. 9 ಮಿಲಿಮೀಟರಿನ ಬಿಲ್ಲಿನಲ್ಲಿ ಹತ್ತನೆಯ ಪಾಲೆಂದರೆ ಒಂದು ಮಿಲಿಮೀಟರಿಗಿಂತಲೂ ಕಡಮೆ. ಆದಕಾರಣ ಕೊನೆಯ ಹಂತದಲ್ಲಿ ಕೀಸುಳಿಯನ್ನು ಬದಿಗಿಟ್ಟು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಬೇಕು.

ಹಿಂದಿನವರ ದಾರಿ

ಹಿಡಿಯ ತೊಂದರೆಯನ್ನು ತಪ್ಪಿಸಲು ಅತ್ಯಂತ ಸುಲಭವಾದ ಮಾರ್ಗ ಹಿಡಿಯನ್ನೇ ಅಂಟಿಸದಿರುವುದು. ಬಿಲ್ಲು ನಡುವೆಯೂ ಮೆಲ್ಲಗೆ ಬಾಗಲಿ; ಹಿಡಿಯುವ ಎಡೆಗೆ ಬಟ್ಟೆಯನ್ನೋ ತೊಗಲನ್ನೋ ಸುತ್ತಿದರಾಯಿತು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ 'ಮೇರಿ ರೋಸ್' ಯುದ್ಧನೌಕೆಯನ್ನು 1982ರಲ್ಲಿ ಸಮುದ್ರದಿಂದ ಮೇಲೆತ್ತಲಾಯಿತು. ಆ ನೌಕೆಯ ಅವಶೇಷಗಳಲ್ಲಿ ನೂರಕ್ಕೂ ಹೆಚ್ಚು ಉದ್ದ ಬಿಲ್ಲುಗಳು ದೊರೆತವು. ಯೂ ಮರದಿಂದ ಕೆತ್ತಿದ ಈ ಬಿಲ್ಲುಗಳು ತುದಿಯಿಂದ ತುದಿಗೆ ಒಂದೇ ಕೋಲು, ಅಂಟಿಸಿದ ಹಿಡಿಯಿಲ್ಲ.

ನಮ್ಮ ದೇಶದಲ್ಲಿ ಬಿಲ್ಲಿನ ಸಾಮಗ್ರಿಯ ವಿಚಾರ ಬಹು ಹಳೆಯದು. ಮೈಸೂರಿನ ಓರಿಯೆಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿನ ನಾಲ್ಕು ಸಾಮಗ್ರಿಗಳನ್ನು ಹೇಳಿದೆ. ಹೆದೆಗೆ ಎಕ್ಕದ ನಾರು, ಸಣಬು, ಬಿದಿರು, ಪ್ರಾಣಿಗಳ ನರ ಮುಂತಾದವುಗಳನ್ನು ಹೆಸರಿಸಿದೆ. ಬಿದಿರು ಇಂದಿಗೂ ಮಕ್ಕಳ ಬಿಲ್ಲಿಗೆ ಯೋಗ್ಯವಾದ ವಸ್ತು. ಅದರ ಗಟ್ಟಿ ನಾರುಗಳು ಹೊರಸಿಪ್ಪೆಯ ಬಳಿ ದಟ್ಟವಾಗಿರುವುದರಿಂದ ಆ ಮೈ ಗುರಿಯ ಕಡೆಗೆ, ಎಂದರೆ ಎಳೆತಕ್ಕೆ ಸಿಕ್ಕುವ ಬದಿಗೆ, ಇರಬೇಕು.

ಬಿಲ್ಲನ್ನು ಭೌತಶಾಸ್ತ್ರದ ಅಳತೆಗೋಲಿನಿಂದ ಪರೀಕ್ಷಿಸಿದವರಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಮತ್ತು ಪಾಲ್ ಕ್ಲಾಪ್‌ಸ್ಟೆಗ್ ಪ್ರಮುಖರು. ಇವರು ಫಾರೆಸ್ಟ್ ನೇಗ್ಲರ್ ಎಂಬವರೊಡನೆ ಸೇರಿ ಹೊರತಂದ ಬಿಲ್ಲುವಿದ್ಯೆಯ ತಾಂತ್ರಿಕ ಲೇಖನಗಳ ಸಂಗ್ರಹ 1947ರಲ್ಲಿ ಪ್ರಕಟವಾಯಿತು. ಉಬ್ಬಿದ ಮೈಯ ಬಿಲ್ಲಿಗಿಂತ ಅಗಲವಾಗಿ ಚಪ್ಪಟೆಯಾಗಿರುವ ಆಯತಾಕಾರದ ಬಿಲ್ಲು ಮರವನ್ನು ಹೆಚ್ಚು ಚೆನ್ನಾಗಿ ಬಳಸಿಕೊಳ್ಳುತ್ತದೆಂದು ಇವರು ತೋರಿಸಿದರು. ಆದರೆ ಚಪ್ಪಟೆ ಬಿಲ್ಲನ್ನು ಮುಷ್ಟಿಯಲ್ಲಿ ಹಿಡಿಯುವುದು ಅನುಕೂಲವಲ್ಲ. ಅದಕ್ಕೆ ಕಿರಿದಾದ, ದಪ್ಪನೆಯ, ಬಾಗದ ಹಿಡಿ ಬೇಕು. ಹೀಗೆ ನಮ್ಮ ಪ್ರಶ್ನೆ ಮರಳಿ ಬಂತು.

ಹಿಡಿಯನ್ನು ನೆಲೆಗೊಳಿಸುವ ಬಗೆ

ಉತ್ತರವಿಷ್ಟು: ಅಂಟನ್ನು ಇನ್ನಷ್ಟು ಬಲಪಡಿಸುವುದಕ್ಕಿಂತ ಅಂಟಿನ ಕೆಳಗಿನ ಮರ ಬಾಗದಂತೆ ಮಾಡುವುದು ಮೇಲು.

ಎರಡನೆಯ ಬಿಲ್ಲಿಗೆ ನಾವು 15 ಮಿಲಿಮೀಟರು ದಪ್ಪದ ಪಟ್ಟಿಯನ್ನು ತಂದೆವು. ನಡುವಿನ 20 ಸೆಂಟಿಮೀಟರನ್ನು ಹಾಗೆಯೇ ಬಿಟ್ಟು, ಅದರಾಚೆಗೆ ಎರಡು ತೋಳುಗಳನ್ನು ಮಾತ್ರ ಇಳಿಜಾರಾಗಿ 9 ಮಿಲಿಮೀಟರಿಗೆ ತಂದೆವು. 15ನ್ನು 9ರಿಂದ ಭಾಗಿಸಿ ಘನ ಮಾಡಿದರೆ 4.6, ಎಂದರೆ ಹಿಡಿಯಿಲ್ಲದೆಯೇ ನಡುಭಾಗ ತೋಳಿಗಿಂತ ನಾಲ್ಕೂವರೆ ಪಟ್ಟಿಗೂ ಹೆಚ್ಚು ಬಿಗಿ. ಅದರ ಮೇಲೆ 18 ಮಿಲಿಮೀಟರು ದಪ್ಪದ ತುಂಡು ಕುಳಿತಾಗ ಒಟ್ಟು ದಪ್ಪ 33 ಮಿಲಿಮೀಟರು. ಬಿಗಿತ ಸುಮಾರು 49 ಪಟ್ಟು. ಈ ಭಾಗ ಬಾಗುವುದು ಲೆಕ್ಕಕ್ಕಿಲ್ಲದಷ್ಟು ಅಲ್ಪ. ಜಗಳವೇ ಇಲ್ಲದ ಕಡೆ ಅಂಟಿಗೆ ಭಾರವೆಲ್ಲಿಯದು?

ತುಂಡಿನ ಉದ್ದ ಈ ಸಲ 10 ಸೆಂಟಿಮೀಟರಲ್ಲ, ಪೂರ್ತಿ 20. ಅದರಲ್ಲಿ ನಡುವಿನ 10 ಸೆಂಟಿಮೀಟರು ಮುಷ್ಟಿಗೆ. ಇಕ್ಕೆಲದ ಐದೈದು ಸೆಂಟಿಮೀಟರು ಮೆಲ್ಲಗೆ ಇಳಿಯುತ್ತ ಬಂದು ತುದಿಯಲ್ಲಿ ಕಾಗದದಷ್ಟು ತೆಳುವಾಗಬೇಕು. ಹೀಗೆ ಮಾಡಿದರೆ ಬಿಗಿತ ಥಟ್ಟನೆ ಏರದೆ ಮೆಟ್ಟಿಲಿಲ್ಲದ ದಿಬ್ಬದಂತೆ ಏರುತ್ತದೆ. ತೆಳುವಾದ ತುದಿ ಬಿಲ್ಲಿನೊಡನೆ ತಾನೂ ಕೊಂಚ ಬಾಗಬಲ್ಲುದಾದ್ದರಿಂದ ಬಲವು ಒಂದೇ ಗೆರೆಯಲ್ಲಿ ಒಟ್ಟಿಲಾಗದು. ತುಂಡಿನ ಎಳೆ ಬಿಲ್ಲಿನ ಎಳೆಗೆ ಸಮಾಂತರವಾಗಿರಬೇಕು.

ಇನ್ನು ಅಂಟಿನ ಮಾತು. ಸರೇಸು ಹಳೆಯ ಒಳ್ಳೆಯ ಅಂಟೇ. ಚರ್ಮ ಮೂಳೆಗಳನ್ನು ಬೇಯಿಸಿ ತೆಗೆದದ್ದು. ಆದರೆ ತೇವ ತಗುಲಿದರೆ ಮೆತ್ತಗಾಗುವುದು ಅದರ ದೋಷ. ಮಳೆಗಾಲದ ನಾಡಿನಲ್ಲಿ ಇದನ್ನು ಮರೆಯಬಾರದು. ಅಂಗಡಿಯಲ್ಲಿ ದೊರೆಯುವ ಬಿಳಿಯ ಮರದಂಟು ಮಕ್ಕಳ ಬಿಲ್ಲಿಗೆ ಸಾಕು. ಅದರಲ್ಲಿನ ನೀರು ಮರಕ್ಕೆ ಇಂಗಿದಂತೆ ಅದು ಗಟ್ಟಿಯಾಗುತ್ತದೆ. ಆದ್ದರಿಂದ ಪದರ ತೆಳುವಾಗಿರಬೇಕು, ಕ್ಲಾಂಪುಗಳಿಂದ ಉದ್ದಕ್ಕೂ ಸಮನಾಗಿ ಒತ್ತಬೇಕು, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ಎರಡು ದ್ರವಗಳನ್ನು ಬೆರೆಸಿ ಹಚ್ಚುವ ಇಪಾಕ್ಸಿ ಅಂಟು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವಂಥದು; ಅದನ್ನು ಅತಿಯಾಗಿ ಒತ್ತಿದರೆ ಅಂಟೆಲ್ಲ ಹೊರಬಂದು ಸಂದು ಬರಿದಾಗುತ್ತದೆ. ಯಾವ ಅಂಟಾದರೂ ಎರಡು ಮೈಗಳು ಒಂದನ್ನೊಂದು ಬೆಳಕು ನುಸುಳದಂತೆ ಕೂಡಬೇಕು. ಅಂಟಿಸುವ ಸ್ವಲ್ಪ ಮುಂಚೆ ಕೀಸುಳಿಯಿಂದ ಹೊಸದಾಗಿ ಕೀಸಿರಬೇಕು. ಬೆರಳಿನ ಜಿಡ್ಡು ತಗುಲಬಾರದು. ತೇಗದಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿರುವುದರಿಂದ ಅಂಟು ಹಿಡಿಯುವುದು ಕಷ್ಟ. ಇದು ನಮ್ಮ ಮೊದಲ ಬಿಲ್ಲಿನ ಎರಡನೆಯ ತಪ್ಪು. ಬಿಲ್ಲಿನ ಮರವನ್ನೇ ಹಿಡಿಗೂ ಬಳಸುವುದು ಉತ್ತಮ.

"ಒಂದೆರಡು ಮೊಳೆ ಹೊಡೆದರೆ ಆಗದೆ?" ಎಂದು ಹಲವರು ಕೇಳುತ್ತಾರೆ. ಆಗದು. ಮೊಳೆಯೂ ತಿರುಪೂ ಮರದ ಎಳೆಗಳನ್ನು ಕತ್ತರಿಸುತ್ತವೆ. ಎಳೆತಕ್ಕೆ ಸಿಕ್ಕಿದ ಹಲಗೆಯಲ್ಲಿ ದುಂಡನೆಯ ರಂಧ್ರವಿದ್ದರೆ ಅದರ ಅಂಚಿನಲ್ಲಿ ಪೀಡನ ಮೂರು ಪಟ್ಟಾಗುತ್ತದೆಂದು ಜರ್ಮನಿಯ ಕಿರ್ಶ್ ಎಂಬ ಎಂಜಿನಿಯರು 1898ರಲ್ಲಿಯೇ ಗಣಿತದಿಂದ ತೋರಿಸಿದ್ದಾನೆ. ಎಲ್ಲ ದಿಕ್ಕಿನಲ್ಲಿಯೂ ಒಂದೇ ಗುಣವುಳ್ಳ ವಸ್ತುವಿಗೆ ಹೇಳಿದ ಮಾತಿದು; ಎಳೆಯುದ್ದಕ್ಕೆ ಎಳೆದ ಮರದಲ್ಲಿ ಇದು ಇನ್ನೂ ಹೆಚ್ಚು. ಹಿಡಿಯನ್ನು ಉಳಿಸಲು ಹೋಗಿ ಬಿಲ್ಲನ್ನೇ ಮುರಿದಂತಾದೀತು. ಮೊಳೆಯ ಬದಲು ಇಳಿಜಾರಿನ ಎರಡು ತುದಿಗಳ ಮೇಲೆ ಹತ್ತಿಯ ದಾರವನ್ನು ಅಂಟಿನಲ್ಲಿ ಅದ್ದಿ ಒತ್ತೊತ್ತಾಗಿ ಸುತ್ತಬೇಕು. ಅಂಟು ಜಾರುಬಲವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅಂಚಿನಿಂದ ಸುಲಿಯುವ ಬಲದ ಮುಂದೆ ಸೋಲುತ್ತದೆ; ಕಾಗದಕ್ಕೆ ಅಂಟಿಸಿದ ಪಟ್ಟಿಯನ್ನು ಅಡ್ಡಕ್ಕೆ ಜಾರಿಸುವುದು ಕಷ್ಟ, ಮೂಲೆಯಿಂದ ಸುಲಿಯುವುದು ಸುಲಭ. ದಾರದ ಸುತ್ತು ಈ ಸುಲಿಯುವಿಕೆಯನ್ನು ತಡೆಯುತ್ತದೆ.

ಮರದ ಆಯ್ಕೆ ಮತ್ತು ಹದ

ಮರದಲ್ಲಿ ಗಂಟಿರಬಾರದು, ಎಳೆ ಉದ್ದಕ್ಕೂ ನೇರವಾಗಿ ಹರಿದಿರಬೇಕು, ಚೆನ್ನಾಗಿ ಆರಿರಬೇಕು. ನಮ್ಮ ಕಾಡುಗಳ ತಡಸಲು ಮರ ಬಾಗಿ ಪುಟಿಯುವ ಗುಣಕ್ಕೆ ಹೆಸರಾದದ್ದು. ಉಪಕರಣಗಳ ಕಾವಿಗೂ ಅದನ್ನು ಬಳಸುತ್ತಾರೆ. ಬಿಲ್ಲಿನ ಉದ್ದ ಹೆದೆಯನ್ನು ಎಳೆಯುವ ದೂರದ ಎರಡೂವರೆ ಪಟ್ಟಿಗೆ ಕಡಮೆಯಾಗದಿರಲಿ. ಹತ್ತು ವರ್ಷದ ಬಾಲಕ 50 ಸೆಂಟಿಮೀಟರು ಎಳೆಯುವನಾದರೆ 130 ಸೆಂಟಿಮೀಟರು ತಕ್ಕುದು.

ಹದ ಮಾಡುವಾಗ ಹೆದೆಯನ್ನು ಒಮ್ಮೆಲೇ ಪೂರ್ತಿ ಎಳೆಯಬಾರದು. ಮೊದಲು ಒಂದು ಗೇಣು ಎಳೆದು ಎರಡು ತೋಳುಗಳೂ ಒಂದೇ ಸಮನೆ ಬಾಗುತ್ತಿವೆಯೇ ಎಂದು ದೂರದಿಂದ ನೋಡಬೇಕು. ಬಾಗದೆ ಬಿಗಿಯಾಗಿ ನಿಂತ ಎಡೆಯಲ್ಲಿ ಒಳಮೈಯನ್ನು ಉಜ್ಜಬೇಕು. ಹೆಚ್ಚು ಬಾಗಿದ ಎಡೆಯನ್ನು ಮುಟ್ಟಬಾರದು. ಹೊರಮೈಯ ಎಳೆಗಳನ್ನು ಎಂದಿಗೂ ಕತ್ತರಿಸಬಾರದು. ಮುರಿತ ಹುಟ್ಟುವುದು ಅಲ್ಲಿಯೇ.

ಶಕ್ತಿಯ ಲೆಕ್ಕ, ಎಚ್ಚರಿಕೆಯ ಮಾತು

ಮಕ್ಕಳ ಬಿಲ್ಲಿನಲ್ಲಿ ಎಷ್ಟು ಶಕ್ತಿಯಿದ್ದೀತು? ಪೂರ್ತಿ ಎಳೆದಾಗ 5 ಕಿಲೋಗ್ರಾಮು ತೂಕದಷ್ಟು, ಎಂದರೆ 49 ನ್ಯೂಟನ್ ಬಲ ಬೇಕೆನ್ನೋಣ. ಹೆದೆ ತನ್ನ ನೆಲೆಯಿಂದ ಹಿಂದೆ ಸರಿಯುವ ದೂರ 37 ಸೆಂಟಿಮೀಟರು. ಬಲ ಸೊನ್ನೆಯಿಂದ ಮೆಲ್ಲಗೆ ಏರುವುದರಿಂದ ಸರಾಸರಿಯಾಗಿ ಅದರ ಅರ್ಧವನ್ನು ಹಿಡಿದರೆ, ಕೂಡಿಟ್ಟ ಶಕ್ತಿ ಸುಮಾರು 9 ಜೂಲ್. ಅದರಲ್ಲಿ ಅರ್ಧ ಮಾತ್ರ 20 ಗ್ರಾಮು ಬಾಣಕ್ಕೆ ಸಂದರೂ ಬಾಣದ ವೇಗ ಸೆಕೆಂಡಿಗೆ 21 ಮೀಟರು, ಗಂಟೆಗೆ ಸುಮಾರು 76 ಕಿಲೋಮೀಟರು! ನಮ್ಮ ಮಣ್ಣಿನ ಕೊಡ ಸೀಳಿದುದರಲ್ಲಿ ಆಶ್ಚರ್ಯವಿಲ್ಲ. ಬಾಣದ ತುದಿಗೆ ರಬ್ಬರಿನ ಇಲ್ಲವೆ ಬಟ್ಟೆಯ ಉಂಡೆಯನ್ನು ಕಟ್ಟಬೇಕು, ಗುರಿಯ ಹಿಂದೆ ಗೋಡೆಯೋ ಮಣ್ಣಿನ ದಿಬ್ಬವೋ ಇರಬೇಕು, ಬಿಲ್ಲು ಹಿಡಿದವನ ಮುಂದೆಯೂ ಪಕ್ಕದಲ್ಲಿಯೂ ಯಾರೂ ಇರಬಾರದು, ಹಿರಿಯರೊಬ್ಬರು ಬಳಿಯಲ್ಲಿರಬೇಕು.

ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡುವುದು ಮಕ್ಕಳ ಚಾಳಿ. ಆಗ ಬಾಣ ಹೊತ್ತೊಯ್ಯಬೇಕಾಗಿದ್ದ ಶಕ್ತಿಯೂ ಬಿಲ್ಲಿಗೇ ಮರಳಿ ಬಡಿಯುತ್ತದೆ. ತೋಳು ಸೀಳುವುದು, ಹಿಡಿ ಕಳಚುವುದು ಇಂಥ ಹೊಡೆತದಿಂದಲೂ ಉಂಟು. ಆಟಕ್ಕೆ ಮುನ್ನ ಪ್ರತಿ ಸಲವೂ ಹಿಡಿಯ ಎರಡು ತುದಿಗಳನ್ನು ಉಗುರಿನಿಂದ ಸವರಿ ನೋಡಬೇಕು. ಕೂದಲೆಳೆಯಷ್ಟು ಸಂದು ಕಂಡರೂ ಬಿಲ್ಲನ್ನು ತೆಗೆದಿಟ್ಟು ಹಿಡಿಯನ್ನು ಮತ್ತೆ ಕೂರಿಸಬೇಕು. ಈ ಪರೀಕ್ಷೆಯನ್ನು ನಾವು ಮೊದಲ ಬಿಲ್ಲಿಗೆ ಮಾಡಿದ್ದರೆ ಕೊಡ ಉಳಿಯುತ್ತಿತ್ತು.

ಬೇಸಗೆಯ ರಜೆಗೆ ಮತ್ತೆ ಬಂದ ಹುಡುಗನಿಗೆ ಎರಡನೆಯ ಬಿಲ್ಲನ್ನು ಕೊಟ್ಟೆವು. ರಜೆ ಮುಗಿಯುವವರೆಗೂ ಅವನು ದಿನವೂ ಅದನ್ನು ಬಳಸಿದ, ಹಿಡಿ ಅಲುಗಲಿಲ್ಲ. ಹೊರಡುವ ದಿನ, "ಮಾವ, ಇದು ಯಾಕೆ ಕಳಚಲಿಲ್ಲ? ಬೇರೆ ಅಂಟು ಹಾಕಿದೆಯಾ?" ಎಂದು ಕೇಳಿದ. ನಾವು ಉತ್ತರ ಹೇಳಲಿಲ್ಲ. ನಾಲ್ಕು ಅಡಿಪಟ್ಟಿಗಳನ್ನೂ ಒಂದು ಚಿಕ್ಕ ತೂಕವನ್ನೂ ಅವನ ಚೀಲದಲ್ಲಿಟ್ಟು, ಏನು ಮಾಡಬೇಕೆಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆವು. ವಾರದ ಬಳಿಕ ಅವನಿಂದ ಕಾಗದ ಬಂತು. ಅದರಲ್ಲಿ ಇದ್ದುದು ಮೂರೇ ಅಳತೆಗಳು: ಒಂದು ಪಟ್ಟಿಗೆ 32 ಮಿಲಿಮೀಟರು, ಎರಡು ಬಿಡಿ ಪಟ್ಟಿಗಳಿಗೆ 16, ಅಂಟಿಸಿದ ಜೋಡಿಗೆ 4. ಕೆಳಗೆ ದೊಡ್ಡ ಅಕ್ಷರಗಳಲ್ಲಿ 'ಗೊತ್ತಾಯಿತು' ಎಂದು ಬರೆದಿದ್ದ.